ಪಣ ಯಾರದು, ದಾಳ ಯಾರ ಕೈಯಲ್ಲಿ?

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ. ಈ ನಾಲ್ಕು ತಾಲ್ಲೂಕುಗಳ ಯಾವ ಊರಿನ ಅರಳಿಕಟ್ಟೆಯಲ್ಲಿ ಕುಳಿತರೂ ಒಂದಲ್ಲ ಒಂದು ದಿನ ಕಿವಿಗೆ ಬೀಳುವ ಮಾತೊಂದಿದೆ: "ಹೊಗೆಸೊಪ್ಪು ಅಂದ್ರೆ ಜೂಜಿದ್ದಂಗೆ ಕಣಣ್ಣ. ಬಂದ್ರೆ ಬಂತು, ಹೋದ್ರೆ ಹೋಯ್ತು." ಹೇಳುವವರು ನಗುತ್ತ ಹೇಳುತ್ತಾರೆ, ಕೇಳುವವರೂ ನಗುತ್ತಾರೆ. ಒಕ್ಕಲಿಗರ ಕೇರಿಯಲ್ಲೂ, ಕುರುಬರ ಕೇರಿಯಲ್ಲೂ, ಮುಸ್ಲಿಮರ ಬೀದಿಯಲ್ಲೂ ಮಾತು ಒಂದೇ. ಪೇಟೆಯಲ್ಲಿ ಕುಳಿತು ಹಳ್ಳಿಯ ಬಗ್ಗೆ ತೀರ್ಪು ಕೊಡುವವರು ಇದನ್ನೇ ಎತ್ತಿಕೊಂಡು, "ನೋಡಿ, ಅವರೇ ಒಪ್ಪುತ್ತಾರೆ, ಇದು ದುರಾಸೆಯ ಬೆಳೆ" ಎನ್ನುವುದುಂಟು. ಕವಿತೆಯೊಂದರ ರೂಪಕ ಹಿಡಿದು ಪುಟಗಟ್ಟಲೆ ಬರೆಯುವ ನಮ್ಮ ವಿಮರ್ಶೆ, ಸಾವಿರಾರು ಸಂಸಾರಗಳು ತಮ್ಮ ಬದುಕಿಗೆ ತಾವೇ ಕೊಟ್ಟುಕೊಂಡ ಈ ರೂಪಕವನ್ನು ಮಾತ್ರ ಮುಟ್ಟದೆ ಬಿಟ್ಟಿದೆ. ಅದನ್ನೂ ಒಂದು ಕೃತಿಯಂತೆ ಎದುರಿಗಿಟ್ಟುಕೊಂಡು ಓದಬೇಕು ಎಂಬುದು ನಮ್ಮ ಆಸೆ. ಹೊಗೆಸೊಪ್ಪು ಜೂಜೇ ಹೌದಾದರೆ, ಆಡುತ್ತಿರುವವರು ಯಾರು? ಪಣಕ್ಕಿಟ್ಟಿರುವುದು ಯಾರದನ್ನು?

ಜೂಜಿಗೂ ಒಂದು ಶಾಸ್ತ್ರವಿದೆ. ಅದನ್ನು ತಿಳಿಯದೆ ಜೂಜುಕೋರನನ್ನು ಬೈಯುವುದು ಸುಲಭ. ಹದಿನಾರನೇ ಶತಮಾನದಲ್ಲಿ ಇಟಲಿಯ ವೈದ್ಯ ಕಾರ್ಡಾನೊ, ತಾನೇ ಜೂಜಾಡುತ್ತಿದ್ದವನು, ದಾಳಗಳ ಲೆಕ್ಕವನ್ನು ಕುಳಿತು ಬರೆದ. 1654ರಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಎಂಬ ಇಬ್ಬರು ಫ್ರೆಂಚರು, ಅರ್ಧಕ್ಕೆ ನಿಂತುಹೋದ ಆಟದ ಪಣವನ್ನು ನ್ಯಾಯವಾಗಿ ಹಂಚುವುದು ಹೇಗೆ ಎಂದು ಪತ್ರ ಬರೆದುಕೊಂಡರು. ಸಂಭವನೀಯತೆಯ ಗಣಿತ ಬೆಳೆದದ್ದು ಆ ಪತ್ರಗಳಿಂದ. ಆಮೇಲೆ 1956ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಜಾನ್ ಕೆಲ್ಲಿ ಇನ್ನೊಂದು ಪ್ರಶ್ನೆ ಎತ್ತಿಕೊಂಡರು. ಆಡುವವನ ಹತ್ತಿರ ಒಂದು ಗಂಟು ಇದೆ. ಪ್ರತಿ ಆಟಕ್ಕೂ ಆ ಗಂಟಿನಿಂದ ಎಷ್ಟು ಬಿಚ್ಚಬೇಕು?

ಅವರ ಉತ್ತರವನ್ನು ಗಣಿತದ ಚಿಹ್ನೆಗಳಿಲ್ಲದೆ ಹೇಳಬಹುದು. ಗೆದ್ದರೆ ಹೂಡಿದಷ್ಟೇ ಲಾಭ, ಸೋತರೆ ಹೂಡಿದ್ದೆಲ್ಲ ಹೋಯಿತು ಎಂಬ ಆಟದಲ್ಲಿ ನೀವು ನೂರಕ್ಕೆ 55 ಸಲ ಗೆಲ್ಲುವಿರಿ ಎಂದುಕೊಳ್ಳಿ. ಆಟ ನಿಮ್ಮ ಕಡೆಗೇ ವಾಲಿದೆ. ಆದರೂ ಗಂಟಿನ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಹೂಡಬಾರದು ಎನ್ನುತ್ತದೆ ಕೆಲ್ಲಿಯ ಸೂತ್ರ. ಪ್ರತಿ ಸಲವೂ ಐದನೇ ಒಂದು ಪಾಲು ಹೂಡುತ್ತ ಹೋದರೆ ಗಂಟು ಬೆಳೆಯುವುದೇ ಇಲ್ಲ. ಅದಕ್ಕೂ ಮೀರಿದರೆ, ಗೆಲುವಿನ ಅನುಕೂಲ ನಿಮಗಿದ್ದೂ ಗಂಟು ಕರಗುತ್ತದೆ. ಕಾರಣ ಸರಳ: ಗಂಟಿನ ಅರ್ಧ ಕಳೆದುಕೊಂಡವನು ಮೊದಲಿನ ಜಾಗಕ್ಕೆ ಬರಬೇಕಾದರೆ ಉಳಿದ ಅರ್ಧವನ್ನು ಇಮ್ಮಡಿ ಮಾಡಬೇಕು. ಕಳೆಯುವುದು ಒಂದು ಹೆಜ್ಜೆ, ಗಳಿಸುವುದು ಎರಡು ಹೆಜ್ಜೆ. ಅದಕ್ಕೇ ಪಳಗಿದವರು ಸೂತ್ರ ಹೇಳಿದ್ದರಲ್ಲೂ ಅರ್ಧವನ್ನೇ ಹೂಡುತ್ತಾರೆ. ಹಾಗೆ ಮಾಡಿದರೆ ಬೆಳವಣಿಗೆಯಲ್ಲಿ ಕಾಲು ಭಾಗ ಮಾತ್ರ ಕಡಿಮೆಯಾಗುತ್ತದೆ, ಏರಿಳಿತ ಅರ್ಧಕ್ಕೆ ಇಳಿಯುತ್ತದೆ.

ಈ ಸೂತ್ರದೊಳಗೆ ಇನ್ನೊಂದು ಉತ್ತರವೂ ಅಡಗಿದೆ. ಆಟ ಸಮಸಮವಾಗಿದ್ದರೆ, ಇಲ್ಲವೇ ಎದುರಾಳಿಯ ಕಡೆಗೆ ವಾಲಿದ್ದರೆ, ಹೂಡಬೇಕಾದದ್ದು ಸೊನ್ನೆ. ಜೂಜಿಗೆ 'ಹೂಡಿಕೆ' ಎಂಬ ಮರ್ಯಾದೆಯ ಹೆಸರು ಕೊಟ್ಟು ಮಾರುವವರು ಈ ಸೊನ್ನೆಯನ್ನು ಬಹಳ ಬೇಗ ದಾಟಿಬಿಡುತ್ತಾರೆ. ಕುದುರೆ ಜೂಜಿನಲ್ಲಿ ಕಟ್ಟಿದ ಹಣವೆಲ್ಲ ಒಂದೆಡೆ ಸೇರಿ, ಕ್ಲಬ್ಬಿನ ಪಾಲೂ ಸರ್ಕಾರದ ತೆರಿಗೆಯೂ ಮೊದಲು ಕಳೆದು, ಉಳಿದದ್ದು ಗೆದ್ದವರಿಗೆ ಹೋಗುತ್ತದೆ. ಆಡುವವರೆಲ್ಲರನ್ನೂ ಕೂಡಿಸಿ ಲೆಕ್ಕ ಹಾಕಿದರೆ ಸೋಲು ಮೊದಲೇ ಬರೆದಿಟ್ಟಿದೆ. ಮೈಸೂರಿನ ರೇಸ್ ಕ್ಲಬ್ 1891ರಷ್ಟು ಹಳೆಯದು. ಕುದುರೆಗಳು ಬದಲಾಗಿವೆ, ಜಾಕಿಗಳು ಬದಲಾಗಿದ್ದಾರೆ, ಈ ಲೆಕ್ಕ ಬದಲಾಗಿಲ್ಲ.

ಹೀಗೆ ಅಪಾಯವನ್ನೂ ಫಲವನ್ನೂ ತೂಗಿ ಆಡುವ ಜಾಣತನಕ್ಕೆ ಕೆಲವು ಅನುಕೂಲಗಳು ಬೇಕು. ಗೆಲುವಿನ ಸಾಧ್ಯತೆ ಎಷ್ಟೆಂದು ಆಡುವವನಿಗೆ ತಿಳಿದಿರಬೇಕು. ಪಣವನ್ನು ಬೇಕಾದಷ್ಟು ಚಿಕ್ಕ ಚೂರುಗಳಾಗಿ ಮುರಿಯಲು ಬರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬೇಡವೆನಿಸಿದಾಗ ಎದ್ದು ಮನೆಗೆ ಹೋಗಲು ಸಾಧ್ಯವಾಗಬೇಕು. ಈ ಅಳತೆಗೋಲು ಹಿಡಿದು ಹೊಗೆಸೊಪ್ಪಿನ ಹೊಲಕ್ಕೆ ಹೋಗೋಣ.

ಕೆ.ಆರ್. ನಗರದ ನಾಲೆಯ ಬಯಲನ್ನು ಇಲ್ಲಿ ಸ್ವಲ್ಪ ಬದಿಗಿಡಬೇಕು. ಅದು ಭತ್ತದ ಕಣಜ, ಕಾವೇರಿಯ ನೀರು ಹರಿಯುವ ನೆಲ. ವರ್ಜೀನಿಯಾ ತಂಬಾಕಿನ ಸೀಮೆಯೆಂದರೆ ಮಳೆ ನಂಬಿದ ಕೆಂಪು ಮಣ್ಣಿನ ಹೊಲಗಳು. ಆ ತಾಲ್ಲೂಕಿನ ಮೇಲ್ಮಟ್ಟದ ಊರುಗಳಿಂದ ಹಿಡಿದು ಹುಣಸೂರು, ಪಿರಿಯಾಪಟ್ಟಣಗಳನ್ನು ತುಂಬಿ, ಎಚ್.ಡಿ. ಕೋಟೆಯ ಕಾಡಂಚಿನವರೆಗೂ ಅದು ಹಬ್ಬಿದೆ. ಬೇಸಿಗೆಯಲ್ಲಿ ಸಸಿಮಡಿ, ಭರಣಿ, ಕೃತ್ತಿಕೆ ಮಳೆ ಬಿದ್ದಂತೆ ನಾಟಿ, ಆಷಾಢ, ಶ್ರಾವಣದಲ್ಲಿ ಬುಡದ ಎಲೆಯಿಂದ ಶುರುಮಾಡಿ ಮಾಗಿದ ಎರಡು ಮೂರು ಎಲೆಗಳನ್ನು ಮಾತ್ರ ಮುರಿಯುತ್ತ ಮೇಲೇರುವುದು. ಮುರಿದ ಸೊಪ್ಪನ್ನು ಕೋಲಿಗೆ ಕಟ್ಟಿ ಬ್ಯಾರನ್ನಿನಲ್ಲಿ ಸಾಲುಸಾಲಾಗಿ ನೇತುಹಾಕಿ, ಕೊಳವೆಗಳಲ್ಲಿ ಬಿಸಿ ಹರಿಸಿ ಐದಾರು ದಿನ ಹದ ಮಾಡಬೇಕು. ಬಿಸಿ ಬೇಗ ಏರಿಸಿದರೆ ಎಲೆ ಹಸಿರಾಗಿಯೇ ಉಳಿಯುತ್ತದೆ, ತಡ ಮಾಡಿದರೆ ಕಂದುತ್ತದೆ. ನಡುವಿನ ಆ ಚಿನ್ನದ ಬಣ್ಣ ಹಿಡಿಯಲು ರಾತ್ರಿಯೆಲ್ಲ ಒಲೆಯ ಬಾಯಲ್ಲಿ ಕೂರಬೇಕು. ಒಂದು ಕಿಲೋ ಎಲೆ ಹದವಾಗಲು ನಾಲ್ಕೈದು ಕಿಲೋ ಸೌದೆ ಉರಿಯುತ್ತದೆ ಎನ್ನುತ್ತಾರೆ. ಆ ಸೌದೆಯೂ ಈಗ ದುಡ್ಡು ಕೊಟ್ಟೇ ತರಬೇಕಾದದ್ದು.

ಈಗ ಪಣದ ಮಾತು. ಪರವಾನಗಿ ಇರುವುದು ಬ್ಯಾರನ್ನಿಗೆ. ಒಂದು ಬ್ಯಾರನ್ನಿಗೆ ಇಷ್ಟು ಕಿಲೋ ಎಂದು ತಂಬಾಕು ಮಂಡಳಿ ಗೊತ್ತು ಮಾಡುತ್ತದೆ. 1975ರ ಕಾಯ್ದೆಯಡಿ 1976ರಲ್ಲಿ ಹುಟ್ಟಿ, ಗುಂಟೂರಿನಲ್ಲಿ ನೆಲೆಸಿರುವ ಸಂಸ್ಥೆ ಅದು. ಈ ವರ್ಷ ಕಾಲು ಭಾಗ ಬ್ಯಾರನ್ ಕಟ್ಟಿ, ಮುಂದಿನ ವರ್ಷ ನೋಡೋಣ ಎನ್ನಲು ಬರುವುದಿಲ್ಲ. ಬ್ಯಾರನ್ ಎಂದರೆ ಗೋಡೆ, ಚಾವಣಿ, ಕಬ್ಬಿಣದ ಕೊಳವೆಯ ಇಡಿಯ ಕಟ್ಟಡ. ಅರ್ಧ ತುಂಬಿಸಿ ಉರಿ ಹಾಕಿದರೆ ಸೌದೆಯ ಖರ್ಚು ಅರ್ಧಕ್ಕೆ ಇಳಿಯುವುದಿಲ್ಲ. ಅಂದರೆ ಪಣ ಮುರಿಯುವುದಿಲ್ಲ. ಎರಡು ಮೂರು ಎಕರೆಯವನು ಆ ವರ್ಷದ ತನ್ನ ಗಂಟನ್ನೆಲ್ಲ, ಜೊತೆಗೆ ಬ್ಯಾಂಕಿನವರ ಗಂಟನ್ನೂ ಕೈಸಾಲದವರ ಗಂಟನ್ನೂ ಒಂದೇ ಮನೆಗೆ ಒಡ್ಡಿಬಿಡುತ್ತಾನೆ. ಕೆಲ್ಲಿಯ ಹತ್ತನೇ ಒಂದು ಪಾಲು ಇಲ್ಲಿ ಯಾರ ಹೊಲದಲ್ಲೂ ಬೆಳೆಯುವುದಿಲ್ಲ.

ಗೆಲುವಿನ ಸಾಧ್ಯತೆಯಾದರೂ ಗೊತ್ತಿದೆಯೇ? ನಾಟಿ ಮಾಡುವ ದಿನ ದರ ಗೊತ್ತಿರುವುದಿಲ್ಲ. ಸಸಿಮಡಿಯಿಂದ ಮೊದಲ ಬೇಲ್ ಮಾರುವತನಕ ಏಳೆಂಟು ತಿಂಗಳು. ಅಷ್ಟರಲ್ಲಿ ಬ್ರೆಜಿಲ್ಲಿನಲ್ಲಿ ಏನಾಯಿತು, ಜಿಂಬಾಬ್ವೆಯಲ್ಲಿ ಮಳೆ ಹೇಗಿತ್ತು ಎಂಬುದರ ಮೇಲೆ ಚಿಲ್ಕುಂದದ ಹರಾಜಿನ ದರ ಏರುತ್ತದೆ, ಇಳಿಯುತ್ತದೆ. 2019-20ರ ಹಂಗಾಮಿನಲ್ಲಿ ಕಿಲೋಗೆ ನೂರಿಪ್ಪತ್ತರ ಆಸುಪಾಸಿನಲ್ಲಿದ್ದ ಸರಾಸರಿ ದರ, 2023-24ರಲ್ಲಿ 250 ರೂಪಾಯಿ ದಾಟಿತು. ಬೆಳೆಯುವವನ ಕೌಶಲ ನಾಲ್ಕು ವರ್ಷದಲ್ಲಿ ಇಮ್ಮಡಿಯಾದದ್ದರಿಂದ ಹೀಗಾಗಲಿಲ್ಲ. ಹಾಗೆಯೇ 2015ರಲ್ಲಿ ದರ ಬಿದ್ದು ಆಂಧ್ರದ ಪ್ರಕಾಶಂ ಜಿಲ್ಲೆಯಲ್ಲೂ ನಮ್ಮ ಮೈಸೂರು ಜಿಲ್ಲೆಯಲ್ಲೂ ತಂಬಾಕು ಬೆಳೆಗಾರರು ಜೀವ ಕಳೆದುಕೊಂಡಾಗ, ಅವರ ಹದ ಕೆಟ್ಟಿದ್ದರಿಂದ ಹಾಗಾಗಲಿಲ್ಲ.

ಇನ್ನು ಎದ್ದು ಹೋಗುವ ಮಾತು. ಹೊಗೆಸೊಪ್ಪಿನ ಖರ್ಚು ಒಂದೇ ದಿನ ಬರುವುದಿಲ್ಲ. ಸಸಿಗೆ, ಗೊಬ್ಬರಕ್ಕೆ, ಕಳೆಗೆ, ಎಲೆ ಮುರಿಯುವ ಆಳುಗಳಿಗೆ, ಸೌದೆಗೆ ಎಂದು ಒಂದರ ಹಿಂದೆ ಒಂದು ಬರುತ್ತದೆ. ಪ್ರತಿ ಖರ್ಚೂ ಹಿಂದಿನ ಖರ್ಚನ್ನು ಉಳಿಸಿಕೊಳ್ಳಲೆಂದೇ ಮಾಡುವಂಥದು. ಗೊಬ್ಬರ ಹಾಕಿದ ಮೇಲೆ ಆಳು ಕರೆಯದಿದ್ದರೆ ಗೊಬ್ಬರದ ದುಡ್ಡು ಹೋಯಿತು; ಎಲೆ ಮುರಿದ ಮೇಲೆ ಸೌದೆ ತರದಿದ್ದರೆ ಎಲೆ ಕೊಳೆಯಿತು. ನಡುವೆ ಎದ್ದುಹೋಗುವವನು ಎಲ್ಲವನ್ನೂ ಕಳೆದುಕೊಂಡೇ ಏಳಬೇಕು.

ಇಲ್ಲಿಗೆ ಬಂದಾಗ ನಮಗೆ ಮಹಾಭಾರತದ ಸಭಾಪರ್ವ ನೆನಪಾಗದೆ ಇರುವುದಿಲ್ಲ. ಈ ಸೀಮೆಗೆ ಅದು ಹೊರಗಿನ ಕತೆಯಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ತಿಂಗಳುಗಟ್ಟಲೆ ಪೌರಾಣಿಕ ನಾಟಕ ಕಲಿಯುವ ರೂಢಿ ಇಂದಿಗೂ ಇದೆ. ಪಾತ್ರ ಮಾಡುವವರೇ ಪಾತ್ರಕ್ಕೆ ಹಣ ಕೊಡಬೇಕು. ದುರ್ಯೋಧನನಿಗೂ ಕೃಷ್ಣನಿಗೂ ಬೆಲೆ ಹೆಚ್ಚು. ಹೊಲದಲ್ಲಿ ಜೂಜಾಡಿ ಬಂದ ಹಣದಲ್ಲಿ ಜೂಜಿನ ಕತೆಯನ್ನು ಆಡುವುದು ಎಂದು ಯಾರಾದರೂ ತಮಾಷೆ ಮಾಡಿದರೆ ತಪ್ಪಲ್ಲ. ಕುಮಾರವ್ಯಾಸನ ಸಭಾಪರ್ವವನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದ ತಲೆಮಾರು ಕೂಡ ಇಲ್ಲಿ ಪೂರ್ತಿ ಇಲ್ಲವಾಗಿಲ್ಲ.

ಕನ್ನಡದಲ್ಲಿ ದ್ಯೂತದ ಪ್ರಸಂಗವನ್ನು ಸಾಮಾನ್ಯವಾಗಿ ವ್ಯಸನದ ಕತೆಯಾಗಿ ಓದಲಾಗಿದೆ. ಧರ್ಮರಾಯನ ದೌರ್ಬಲ್ಯ, ಶಕುನಿಯ ಕಪಟ, ಮೇಲೆ ವಿಧಿ. ನಮಗೆ ಈ ಓದು ಸಾಲದು ಎನಿಸುತ್ತದೆ. ಒಂದು ಸಲ ಪಣಗಳ ಕ್ರಮವನ್ನಷ್ಟೇ ನೋಡಿ. ವ್ಯಾಸಭಾರತದಲ್ಲಿ ಸುಮಾರು ಇಪ್ಪತ್ತು ಪಣಗಳಿವೆ. ಮುತ್ತಿನ ಹಾರದಿಂದ ಶುರುವಾಗಿ ಹೊನ್ನು, ರಥ, ಆಳುಗಳು, ಆನೆ, ಕುದುರೆ, ಆಮೇಲೆ ರಾಜ್ಯ, ಆಮೇಲೆ ನಕುಲ, ಸಹದೇವ, ಅರ್ಜುನ, ಭೀಮ, ಆಮೇಲೆ ತಾನು, ಕಡೆಗೆ ದ್ರೌಪದಿ. ಪಣ ಏರುತ್ತಲೇ ಹೋಗುತ್ತದೆ, ಗಂಟು ಇಳಿಯುತ್ತಲೇ ಹೋಗುತ್ತದೆ. ಕೆಲ್ಲಿಯ ಸೂತ್ರ ಹೇಳುವುದು ಇದಕ್ಕೆ ತದ್ವಿರುದ್ಧ: ಗಂಟು ಕಡಿಮೆಯಾದಂತೆ ಪಣವೂ ಚಿಕ್ಕದಾಗಬೇಕು. ಧರ್ಮರಾಯ ಹಾಗೆ ಮಾಡಲಿಲ್ಲ, ಏಕೆಂದರೆ ಪ್ರತಿ ಪಣವೂ ಹಿಂದಿನದನ್ನು ಬಿಡಿಸಿಕೊಳ್ಳುವ ಪಣವಾಗಿತ್ತು. ತನ್ನನ್ನೇ ಸೋತ ಮೇಲೆ ಶಕುನಿ ಹೇಳುವುದೂ ಅದನ್ನೇ: ಇನ್ನೂ ಪಾಂಚಾಲಿ ಉಳಿದಿದ್ದಾಳೆ, ಅವಳನ್ನು ಒಡ್ಡಿ ನಿನ್ನನ್ನು ನೀನು ಗೆದ್ದುಕೊಳ್ಳಬಹುದು. ಸೌದೆಗೆ ಸಾಲ ಕೊಡುವವನ ದನಿ ನಮಗೆ ಈ ಸಲಹೆಯಲ್ಲಿ ಕೇಳಿಸುತ್ತದೆ.

ವ್ಯಸನದ ಓದು ಕಾಣದೇ ಬಿಟ್ಟ ಇನ್ನೊಂದು ವಿವರವಿದೆ, ನಮ್ಮ ದೃಷ್ಟಿಯಲ್ಲಿ ಇಡೀ ಪ್ರಸಂಗದ ಕೀಲು ಅದು. ಆಟ ಶುರುವಾಗುವ ಮೊದಲೇ ದುರ್ಯೋಧನ ಸಭೆಗೆ ತಿಳಿಸುತ್ತಾನೆ: ಪಣದ ಧನಕನಕ ತನ್ನದು, ತನ್ನ ಪರವಾಗಿ ದಾಳ ಉರುಳಿಸುವವನು ಶಕುನಿ. ಒಬ್ಬನಿಗಾಗಿ ಇನ್ನೊಬ್ಬ ಆಡುವುದು ಸರಿಯಲ್ಲ ಎಂದು ಯುಧಿಷ್ಠಿರ ಆಕ್ಷೇಪಿಸುತ್ತಾನೆ. ಆಕ್ಷೇಪ ನಿಲ್ಲುವುದಿಲ್ಲ. ಅಲ್ಲಿಗೆ ಆಟದ ಸ್ವರೂಪವೇ ಬದಲಾಯಿತು. ಒಂದು ಬದಿಯಲ್ಲಿ ಆಡುವವನೂ ಕಳೆದುಕೊಳ್ಳುವವನೂ ಒಬ್ಬನೇ. ಇನ್ನೊಂದು ಬದಿಯಲ್ಲಿ ಕೌಶಲ ಒಬ್ಬನದು, ಗಂಟು ಇನ್ನೊಬ್ಬನದು. ಶಕುನಿ ಸೋತರೂ ಗಾಂಧಾರದ ಒಂದು ಹಿಡಿ ಮಣ್ಣು ಹೋಗುವುದಿಲ್ಲ. ಕಪಟ ದಾಳದಲ್ಲಿತ್ತೋ ಇಲ್ಲವೋ ಎಂದು ಪಂಡಿತರು ವಾದಿಸಲಿ. ಈ ಏರ್ಪಾಡಿನಲ್ಲಿ ಕಪಟವಿತ್ತು ಎಂಬುದಕ್ಕೆ ದಾಳ ಪರೀಕ್ಷಿಸಬೇಕಾಗಿಲ್ಲ.

ಅದೇ ಮಹಾಭಾರತ ಇದಕ್ಕೊಂದು ಪ್ರತಿಕತೆಯನ್ನೂ ಇಟ್ಟಿದೆ. ವನವಾಸದಲ್ಲಿ ಧರ್ಮರಾಯನಿಗೆ ಬೃಹದಶ್ವ ಮುನಿ ನಳನ ಕತೆ ಹೇಳುತ್ತಾನೆ. ಕನಕದಾಸರ ನಳಚರಿತ್ರೆಯಿಂದ ಕನ್ನಡಿಗರಿಗೆ ಅದು ಮನೆಮಾತು. ಜೂಜಿನಲ್ಲಿ ಎಲ್ಲವನ್ನೂ ಕಳೆದುಕೊಂಡ ನಳ, ಋತುಪರ್ಣನಿಂದ ಅಕ್ಷಹೃದಯ ಕಲಿಯುತ್ತಾನೆ. ಋತುಪರ್ಣ ಓಡುವ ರಥದಲ್ಲಿ ಕುಳಿತೇ ತಾರೆ ಮರವೊಂದರ ಎಲೆ, ಕಾಯಿಗಳ ಲೆಕ್ಕ ಹೇಳಬಲ್ಲವನು. ಅಂದರೆ ದಾಳದ ವಿದ್ಯೆಯೆಂದರೆ ಎಣಿಕೆಯ ವಿದ್ಯೆ, ಸಾಧ್ಯತೆಯನ್ನು ಅಂದಾಜು ಮಾಡುವ ವಿದ್ಯೆ ಎಂದು ಆ ಕತೆಗಾರರಿಗೆ ಆಗಲೇ ಹೊಳೆದಿತ್ತು. ಕತೆ ಹೇಳಿ ಮುಗಿಸಿದ ಮೇಲೆ ಬೃಹದಶ್ವ ಧರ್ಮರಾಯನಿಗೂ ಆ ವಿದ್ಯೆ ಕೊಡುತ್ತಾನೆ. ಮುಂದೆ ವಿರಾಟನ ಆಸ್ಥಾನದಲ್ಲಿ ಅವನು ಕಂಕನಾಗಿ ಜೂಜಾಡುವುದೇ ಉದ್ಯೋಗ ಮಾಡಿಕೊಂಡು, ಗೆದ್ದದ್ದನ್ನು ತಮ್ಮಂದಿರಿಗೆ ಗುಟ್ಟಾಗಿ ಹಂಚುತ್ತಿದ್ದನಂತೆ. ಹಸ್ತಿನಾವತಿಯಲ್ಲಿ ಸೋತವನೇ ಇಲ್ಲಿ ಗೆಲ್ಲುತ್ತಾನೆ. ಕಲಿತ ವಿದ್ಯೆಯಷ್ಟೇ ಕಾರಣವಲ್ಲ. ಕಂಕನಿಗೆ ಒಡ್ಡಲು ರಾಜ್ಯವೂ ಇರಲಿಲ್ಲ, ಹೆಂಡತಿಯನ್ನು ಒಡ್ಡು ಎನ್ನುವವರೂ ಇರಲಿಲ್ಲ.

ಹರಾಜು ಕಟ್ಟೆಗೆ ಬರೋಣ. ಕರ್ನಾಟಕದಲ್ಲಿ ಮಂಡಳಿಯ ಹರಾಜು 1984ರಲ್ಲಿ ಶುರುವಾಯಿತು. ಅದಕ್ಕೂ ಮುಂಚೆ ವರ್ತಕರು ಹೇಳಿದ್ದೇ ದರ, ಅಳೆದದ್ದೇ ತೂಕ. ಆ ಕಾಲಕ್ಕೆ ಹೋಲಿಸಿದರೆ ಹರಾಜು ದೊಡ್ಡ ರಕ್ಷಣೆ ಎಂಬುದನ್ನು ಮರೆಯಬಾರದು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ಕಟ್ಟೆಗಳಲ್ಲಿ ಬೇಲುಗಳು ಸಾಲಾಗಿ ಕೂತಿರುತ್ತವೆ. ಎಂಟು ತಿಂಗಳ ದುಡಿಮೆಗೆ ಬೆಲೆ ಬೀಳುವುದು ಕೆಲವೇ ಕ್ಷಣಗಳಲ್ಲಿ. ಕೂಗಿದ ದರ ಹಿಡಿಸದಿದ್ದರೆ ಬೇಡ ಎನ್ನುವ ಹಕ್ಕು ಬೆಳೆಗಾರನಿಗಿದೆ. ಯಾರೂ ಕೂಗದಿದ್ದರೆ ಅದು 'ನೋ ಬಿಡ್'. ಬೇಲ್ ಮರಳಿ ಟೆಂಪೊ ಹತ್ತಬೇಕು. ಬಾಡಿಗೆ, ಒಣಗಿ ಇಳಿಯುವ ತೂಕ, ಸಾಲದ ಬಡ್ಡಿ ಎಲ್ಲವೂ ಅದರ ಜೊತೆಗೇ ಮನೆಗೆ ಬರುತ್ತವೆ. ಬೇಡ ಎನ್ನುವ ಹಕ್ಕು ಕಾಗದದಲ್ಲಿದೆ. ಅದನ್ನು ಚಲಾಯಿಸುವ ತ್ರಾಣ ಗಂಟು ಇರುವವನಿಗೆ ಮಾತ್ರ.

1738ರಲ್ಲಿ ಡೇನಿಯಲ್ ಬರ್ನೂಲಿ ಬರೆದ ಉದಾಹರಣೆಯೊಂದು ಇಲ್ಲಿ ಸರಿಯಾಗಿ ಹೊಂದುತ್ತದೆ. ಒಬ್ಬ ಬಡವನ ಕೈಗೆ ಒಂದು ಲಾಟರಿ ಚೀಟಿ ಸಿಕ್ಕಿದೆ. ಸರಿಸಮ ಸಾಧ್ಯತೆಯಲ್ಲಿ ಇಪ್ಪತ್ತು ಸಾವಿರ ನಾಣ್ಯ ಬರಬಹುದು, ಏನೂ ಬರದೆಯೂ ಇರಬಹುದು. ಲೆಕ್ಕದ ಪ್ರಕಾರ ಅದರ ಬೆಲೆ ಹತ್ತು ಸಾವಿರ. ಆದರೂ ಬಡವನು ಅದನ್ನು ಒಂಬತ್ತು ಸಾವಿರಕ್ಕೆ ಮಾರಿದರೆ ಅವನೇ ಜಾಣ. ಶ್ರೀಮಂತನು ಅದೇ ಒಂಬತ್ತು ಸಾವಿರಕ್ಕೆ ಕೊಂಡರೆ ಅವನೂ ಜಾಣ. ಚೀಟಿ ಒಂದೇ, ಸಾಧ್ಯತೆ ಒಂದೇ; ಹಿಡಿದ ಕೈ ಬೇರೆ, ಆದ್ದರಿಂದ ಬೆಲೆ ಬೇರೆ. ತಂಬಾಕು ಕೊಳ್ಳುವ ಕಂಪನಿಗಳಿಗೆ ನಷ್ಟದ ಭಯವೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಅವರ ಗಂಟು ಹಲವು ದೇಶ, ಹಲವು ಹಂಗಾಮು, ಹಲವು ವ್ಯಾಪಾರಗಳಲ್ಲಿ ಹಂಚಿಕೊಂಡಿದೆ. ಕೆಲ್ಲಿಯ ಸೂತ್ರವನ್ನು ನಿಜವಾಗಿ ಪಾಲಿಸಬಲ್ಲವರು ಅವರು. ಬೆಳೆಗಾರನಿಗೆ ಇರುವುದು ಒಂದು ಹೊಲ, ಒಂದು ಬ್ಯಾರನ್, ಒಂದು ಹಂಗಾಮು. ಹೀಗಿರುವಾಗ ಇಬ್ಬರಲ್ಲಿ ಯಾರನ್ನು ಜೂಜುಕೋರ ಎನ್ನುತ್ತೇವೆ ಎಂಬುದೇ ನಮ್ಮ ಭಾಷೆಯ ಪರೀಕ್ಷೆ.

ಜೂಜು ಬೇಡ ಎನ್ನಲು ಇಸ್ಲಾಮಿನಲ್ಲಿ 'ಮೈಸಿರ್' ಎಂಬ ಮಾತಿದೆಯೆಂಬುದು ನಮ್ಮ ಓದುಗರಲ್ಲಿ ಹಲವರಿಗೆ ಗೊತ್ತು. ಅರಬರು ಬಾಣಗಳನ್ನೆತ್ತಿ ಒಂಟೆಯ ಮಾಂಸದ ಪಾಲು ಗೆಲ್ಲುತ್ತಿದ್ದ ಆಟ ಅದು. ಗೆದ್ದದ್ದನ್ನು ಬಡವರಿಗೆ ಹಂಚುವ ಪದ್ಧತಿಯೂ ಇತ್ತು. ಕುರ್‌ಆನ್ ಅದನ್ನು ತೂಗಿ ನೋಡುವ ಬಗೆ ಕುತೂಹಲದ್ದು: ಪ್ರಯೋಜನವೇ ಇಲ್ಲವೆನ್ನುವುದಿಲ್ಲ, ಪ್ರಯೋಜನಕ್ಕಿಂತ ಕೇಡು ದೊಡ್ಡದು ಎನ್ನುತ್ತದೆ. ಆದರೆ ಬೋಧನೆ ಅಲ್ಲಿಗೇ ನಿಂತರೆ ಹೊಗೆಸೊಪ್ಪಿನ ಹೊಲಕ್ಕೆ ಅದರಿಂದ ಉಪಯೋಗ ಕಡಿಮೆ. ನಮಗೆ ಹೆಚ್ಚು ಮುಖ್ಯವೆನಿಸುವುದು ಫಿಕ್ಹ್‌ನ ವ್ಯವಹಾರ ಭಾಗ. ಲಾಭ ಬೇಕೆನ್ನುವವನು ನಷ್ಟದ ಹೊಣೆಯನ್ನೂ ಹೊರಬೇಕು ಎಂಬ ನಿಯಮ ಅಲ್ಲಿದೆ. ಮುದಾರಬಾ ಎಂಬ ಪಾಲುಗಾರಿಕೆಯಲ್ಲಿ ವ್ಯಾಪಾರ ಮುಳುಗಿದರೆ ಬಂಡವಾಳ ಹಾಕಿದವನ ಬಂಡವಾಳ ಹೋಗುತ್ತದೆ, ದುಡಿದವನ ದುಡಿಮೆ ಹೋಗುತ್ತದೆ. ದುಡಿದವನ ಮೇಲೆ ಸಾಲ ಹೊರಿಸುವಂತಿಲ್ಲ. ಬೇಸಾಯದ ಪಾಲಿಗೆ ಇಮಾಮ್ ಅಬೂ ಹನೀಫಾ ಒಪ್ಪಲಿಲ್ಲ, ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಒಪ್ಪಿದರು. ಒಪ್ಪಿದವರೂ ಒಂದು ಷರತ್ತು ಹಾಕಿದರು: ಪಾಲು ಬೆಳೆಯ ಭಾಗವಾಗಿರಬೇಕು, ಬೆಳೆ ಬರಲಿ ಬ���ಡಲಿ ಇಂತಿಷ್ಟು ಮೂಟೆ ಎಂದು ಕಟ್ಟುಮಾಡುವಂತಿಲ್ಲ.

ನಮ್ಮ ಸೀಮೆಯ ಭಾಷೆಯಲ್ಲಿ ಇದೇ ವ್ಯತ್ಯಾಸಕ್ಕೆ 'ವಾರ' ಮತ್ತು 'ಗುತ್ತಿಗೆ' ಎಂಬ ಎರಡು ಪದಗಳಿವೆ. ವಾರಕ್ಕೆ ಮಾಡಿದರೆ ಮಳೆ ಕೈಕೊಟ್ಟಾಗ ಹೊಲದವನಿಗೂ ಪೆಟ್ಟು. ಗುತ್ತಿಗೆಯಲ್ಲಿ ಪೆಟ್ಟೆಲ್ಲ ಮಾಡುವವನಿಗೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಿಂದ ಬಂದ ದೇವರಾಜ ಅರಸು 1974ರಲ್ಲಿ ಜಾರಿಗೆ ತಂದ ಭೂಸುಧಾರಣೆ ಕಾಗದದ ಮೇಲೆ ಎರಡನ್ನೂ ಮುಗಿಸಿತು. ಬಾಯಿಮಾತಿನಲ್ಲಿ ಎರಡೂ ಉಳಿದಿವೆ, ಮತ್ತು ನಾವು ಕಂಡಂತೆ ವಾರ ಕಡಿಮೆಯಾಗಿ ಗುತ್ತಿಗೆ ಹೆಚ್ಚುತ್ತಿದೆ. ಗೇಣಿಯ ದುಡ್ಡು ಮೊದಲೇ ಎಣಿಸಿ ಕೊಟ್ಟು ಸೊಪ್ಪು ಹಾಕುವವನು ನೆಲದ ಅಪಾಯವನ್ನೂ ತಾನೇ ಹೊತ್ತುಕೊಂಡ. ಹಳೆಯ ಶಾಸ್ತ್ರಕಾರರು ತಡೆಯಲು ಯತ್ನಿಸಿದ್ದು ಇಂಥದ್ದನ್ನೇ.

ನ್ಯಾಯಾಲಯಗಳೂ ಜೂಜನ್ನು ವ್ಯಾಖ್ಯಾನಿಸಿವೆ. ಕೌಶಲ ಹೆಚ್ಚೋ ಅದೃಷ್ಟ ಹೆಚ್ಚೋ ಎಂಬುದು ಅವುಗಳ ಒರೆಗಲ್ಲು. ಈ ಒರೆಗೆ ಹಚ್ಚಿ ಸುಪ್ರೀಂ ಕೋರ್ಟು 1967ರಲ್ಲಿ ರಮ್ಮಿಯನ್ನೂ 1996ರಲ್ಲಿ ಕುದುರೆ ಪಂದ್ಯವನ್ನೂ ಕೌಶಲದ ಆಟವೆಂದಿತು. ಕರ್ನಾಟಕ 2021ರಲ್ಲಿ ಆನ್‌ಲೈನ್ ಜೂಜು ನಿಷೇಧಿಸಲು ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಾಗ, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ತಳ್ಳಿಹಾಕಿತು. ಅಲ್ಲೂ ಕೌಶಲದ ಮಾತೇ ನಡುವೆ ಬಂತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ, ಕೌಶಲ ಅದೃಷ್ಟ ಎನ್ನದೆ, ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಮಾಡಿದ್ದು 2025ರ ಆಗಸ್ಟಿನಲ್ಲಿ. ಈ ನಡುವಿನ ವರ್ಷಗಳಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳ ಹುಡುಗರ ಫೋನುಗಳಲ್ಲಿ ಏನೇನು ನಡೆಯಿತೆಂದು ತಾಯಂದಿರನ್ನು ಕೇಳಿದರೆ ಗೊತ್ತಾಗುತ್ತದೆ. ವರ್ಷಕ್ಕೊಮ್ಮೆ ದೊಡ್ಡ ಗಂಟು ಬರುವ ಮನೆಯ ಹುಡುಗನಿಗೆ, ಒಂದು ಕ್ರಿಕೆಟ್ ಪಂದ್ಯದಲ್ಲಿ ಸೌದೆಯ ಸಾಲ ತೀರಿಸಬಹುದು ಎಂಬ ಯೋಚನೆ ವಿಚಿತ್ರವಾಗಿ ಕಾಣುವುದಿಲ್ಲ. ಅಪ್ಪ ಮಾಡುತ್ತಿರುವುದೂ ಅದೇ ಎಂದು ಅರಳಿಕಟ್ಟೆಯ ಗಾದೆ ಅವನಿಗೆ ಮೊದಲೇ ಹೇಳಿಕೊಟ್ಟಿದೆ. ಗಾದೆ ಮಾಡುವ ನಿಜವಾದ ಕೇಡು ಇದು ಎಂದು ನಮಗನಿಸುತ್ತದೆ. ಒಲೆಯ ಮುಂದೆ ಆರು ರಾತ್ರಿ ನಿದ್ದೆಗೆಟ್ಟು ಬಣ್ಣ ಹಿಡಿಯುವ ಅಪ್ಪನ ಕೌಶಲವನ್ನೂ, ಫೋನಿನ ಮೇಲೆ ಬೆರಳಾಡಿಸುವುದನ್ನೂ ಅದು ಒಂದೇ ತಕ್ಕಡಿಗೆ ಹಾಕುತ್ತದೆ.

ಹಾಗಾದರೆ ಹೊಗೆಸೊಪ್ಪು ಬಿಡಿ ಎನ್ನೋಣವೇ? ಬಿಡಬೇಕೆಂಬುದರಲ್ಲಿ ನಮಗೆ ಅನುಮಾನವಿಲ್ಲ. ಅದು ಕೊನೆಗೆ ಹೋಗಿ ಸೇರುವುದು ಯಾರದೋ ಶ್ವಾಸಕೋಶಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದಕ್ಕೆ ಭಾರತ 2004ರಲ್ಲೇ ಸಮ್ಮತಿ ಕೊಟ್ಟಿದೆ. ಬೆಳೆಗಾರರಿಗೆ ಬದಲಿ ದಾರಿ ತೋರಿಸಬೇಕೆಂಬ ಮಾತೂ ಅದರಲ್ಲಿದೆ. ಆದರೆ ಬದಲಿಯೆಂದು ಬಂದದ್ದೇನು? ಶುಂಠಿ. 2023ರಲ್ಲಿ ದರ ಆಕಾಶಕ್ಕೇರಿತು, ಜನ ಮುಗಿಬಿದ್ದು ಹಾಕಿದರು, ಮುಂದಿನ ಹಂಗಾಮುಗಳಲ್ಲಿ ಕುಸಿಯಿತು. ಕೇರಳದಿಂದ ಬಂದು ಗುತ್ತಿಗೆ ಹಿಡಿದು ಶುಂಠಿ ಹಾಕುವವರನ್ನು ಗಮನಿಸಿದರೆ ಇನ್ನೊಂದು ಪಾಠವಿದೆ. ಅವರು ಕೋಟೆಯಲ್ಲೊಂದು, ಹುಣಸೂರಿನಲ್ಲೊಂದು, ಬೇರೆ ಜಿಲ್ಲೆಯಲ್ಲೊಂದು ತುಂಡು ಹಿಡಿಯುತ್ತಾರೆ. ಕೊಳೆರೋಗ ಬಂದ ಹೊಲ ಬಿಟ್ಟು ಮುಂದಕ್ಕೆ ಹೋಗುತ್ತಾರೆ. ಅವರನ್ನು ನೋಡಿ ಹಾಕಿದ ಊರಿನವನು ಎಲ್ಲಿಗೆ ಹೋಗಬೇಕು?

ವಿಪರ್ಯಾಸವೆಂದರೆ, ಗಂಟನ್ನು ಹಂಚಿ ಹೂಡುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ರಾಗಿ ಹೊಲದ ಅಕ್ಕಡಿ ಸಾಲುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಹಾಕುತ್ತಿದ್ದವರಿಗೆ ಮುಂಗಾರು ಹೋದರೆ ಯಾವುದು ಉಳಿಯುತ್ತದೆ, ಹಿಂಗಾರು ಹೋದರೆ ಯಾವುದು ಎಂಬ ಲೆಕ್ಕ ಬಾಯಲ್ಲಿತ್ತು. ದೊಡ್ಡ ಗೆಲುವು ಅದರಲ್ಲಿರಲಿಲ್ಲ, ಪೂರ್ತಿ ಸೋಲೂ ಇರಲಿಲ್ಲ. ಇಂದು ಆ ಜಾಗವನ್ನು ತಕ್ಕಮಟ್ಟಿಗೆ ತುಂಬಿರುವುದು ಹಾಲಿನ ಡೇರಿ. ಹೊಗೆಸೊಪ್ಪು ಕೈಕೊಟ್ಟ ವರ್ಷವೂ ಒಲೆ ಉರಿಸುವುದು ಡೇರಿಯಿಂದ ಬರುವ ಬಟವಾಡೆ. ಆ ಹಸುವನ್ನು ನೋಡಿಕೊಳ್ಳುವವಳು ಮನೆಯ ಹೆಂಗಸು.

ಹೆಂಗಸಿನ ಮಾತು ಬಂದಾಗ ಸಭಾಪರ್ವಕ್ಕೆ ಇನ್ನೊಮ್ಮೆ ಹೋಗಬೇಕಾಗುತ್ತದೆ. ಕರೆಯಲು ಬಂದ ಸೇವಕನಿಗೆ ದ್ರೌಪದಿ ಒಂದೇ ಪ್ರಶ್ನೆ ಕೊಟ್ಟು ಕಳಿಸುತ್ತಾಳೆ: ಅವನು ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ಇನ್ನೊಬ್ಬಳನ್ನು ಒಡ್ಡುವ ಅಧಿಕಾರ ಎಲ್ಲಿಂದ ಬಂತು ಎಂಬುದು ಅದರ ತಾತ್ಪರ್ಯ. ಭೀಷ್ಮನಿಗೂ ಅದಕ್ಕೆ ಉತ್ತರ ಕೊಡಲಾಗಲಿಲ್ಲ. ಹೊಗೆಸೊಪ್ಪಿನ ಸೀಮೆಯಲ್ಲಿ ಸೊಪ್ಪು ಮುರಿಯುವವರಲ್ಲಿ, ಕೋಲಿಗೆ ಕಟ್ಟುವವರಲ್ಲಿ, ಒಣಗಿದ ಎಲೆಯನ್ನು ಬಣ್ಣ ನೋಡಿ ಬೇರ್ಪಡಿಸುವವರಲ್ಲಿ ಹೆಚ್ಚಿನವರು ಹೆಂಗಸರು. ಬ್ಯಾರನ್ನಿನ ಪರವಾನಗಿ, ಹರಾಜಿನ ಚೀಟಿ, ಹಣ ಬಂದು ಬೀಳುವ ಬ್ಯಾಂಕಿನ ಪಾಸ್‌ಬುಕ್ ಬಹುಪಾಲು ಗಂಡಸರ ಹೆಸರಿನಲ್ಲಿವೆ. ಸೌದೆ ತರಿಸುವ ತಿಂಗಳಲ್ಲಿ ಹುಣಸೂರು, ಪಿರಿಯಾಪಟ್ಟಣದ ಪೇಟೆಬೀದಿಗಳ ಗಿರವಿ ಅಂಗಡಿಗಳಿಗೆ ಹೋಗುವ ಓಲೆ, ಸರ ಮಾತ್ರ ಅವಳವು.